ನಮೂನೆಗೆ ಸಹಿ ಹಾಕಲು ವೈದ್ಯರೇಕೆ ಹಿಂಜರಿಯುತ್ತಾರೆ?

ಪ್ರಶ್ನೆ: ಸೊಂಟದ ಡಿಸ್ಕ್ ಜಾರಿ ಎರಡು ವರ್ಷಗಳಿಂದ ನಾನು ಕೆಲಸಕ್ಕೆ ಹೋಗಿಲ್ಲ. ಅಂಗವೈಕಲ್ಯದ ನಮೂನೆ ತುಂಬಿಕೊಡಿ ಎಂದರೆ, ವೈದ್ಯರು ಇನ್ನೊಮ್ಮೆ ಪರೀಕ್ಷಿಸಬೇಕು ಎನ್ನುತ್ತಾರೆ. ಅವರಿಗೆ ನನ್ನ ಮಾತಿನಲ್ಲಿ ನಂಬಿಕೆಯಿಲ್ಲವೇ?

ಉತ್ತರ: ನಿಮ್ಮ ಬೇಸರ ಸಹಜವಾದದ್ದು, ಆದರೆ ಇದನ್ನು ಅಪನಂಬಿಕೆಯೆಂದು ತಿಳಿಯಬೇಡಿ. ಚಿಕಿತ್ಸೆ ಕೊಡುವಾಗ ನಿಮ್ಮ ಪರವಾಗಿ ನಿಲ್ಲುವ ವೈದ್ಯರು, ಸಹಿ ಹಾಕುವಾಗ ತಾವು ಪರೀಕ್ಷಿಸಿ ಕಂಡದ್ದಕ್ಕೆ ಮಾತ್ರ ಸಾಕ್ಷಿಯಾಗಬೇಕಾಗುತ್ತದೆ, ಮತ್ತು ಈ ಎರಡು ಹೊಣೆಗಳ ನಡುವಿನ ಇಕ್ಕಟ್ಟು ಅವರಿಗೂ ಸುಲಭದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿದ ವರ್ಗೀಕರಣವು ಅಂಗವೈಕಲ್ಯವನ್ನು ಕೇವಲ ರೋಗದ ಹೆಸರಿನಿಂದ ನೋಡದೆ, ವ್ಯಕ್ತಿಯ ಕಾರ್ಯಸಾಮರ್ಥ್ಯ ಹಾಗೂ ಪರಿಸರದ ಜೊತೆಗಿಟ್ಟು ನೋಡುತ್ತದೆ. ಆದ್ದರಿಂದ ‘ತೀವ್ರ ಸೊಂಟನೋವು’ ಎಂದಷ್ಟೇ ಬರೆದರೆ ಸಾಲದು. ಇಪ್ಪತ್ತು ನಿಮಿಷ ಕುಳಿತರೆ ಎಡಗಾಲು ಜೋಮು ಹಿಡಿಯುತ್ತದೆ, ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲಾಗುವುದಿಲ್ಲ ಎಂಬಂಥ ವಿವರಗಳೇ ನಮೂನೆಗೆ ಜೀವ ತುಂಬುತ್ತವೆ.

ಎರಡು ವಾರ ಇವನ್ನು ಬರೆದಿಟ್ಟುಕೊಂಡು, ನಮೂನೆಗೆಂದೇ ಪ್ರತ್ಯೇಕ ಸಮಯ ಕೇಳಿ ಹೋಗಿ. ಮಾಮೂಲಿ ತಪಾಸಣೆ ಮುಗಿದು ಎದ್ದು ಹೊರಡುವಾಗ ಕಾಗದ ಮುಂದೊಡ್ಡಿದರೆ, ಎಷ್ಟೇ ಕಾಳಜಿಯುಳ್ಳ ವೈದ್ಯರಿಗೂ ಅದಕ್ಕೆ ನ್ಯಾಯ ಒದಗಿಸಲು ಕಷ್ಟ. ಆಗಲೂ ನಿರಾಕರಿಸಿದರೆ ಕಾರಣವನ್ನು ನೇರವಾಗಿ ಕೇಳಿ. ಅದನ್ನು ತಿಳಿಯುವ ಹಕ್ಕು ನಿಮಗಿದೆ ಎಂದೇ ನನ್ನ ಅಭಿಪ್ರಾಯ.