ಸ್ಟೀರಿಂಗ್ ನಡುಗಿದರೆ, ಎಳೆದರೆ, ಬಿಗಿಯಾದರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರೊಳಗೆ ಓಡಿಸುವಾಗ ನನ್ನ ಕಾರಿನಲ್ಲಿ ಯಾವ ತೊಂದರೆಯೂ ಇಲ್ಲ. ಹೆದ್ದಾರಿಯಲ್ಲಿ ವೇಗ 80 ಕಿ.ಮೀ. ದಾಟಿತೆಂದರೆ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಎರಡು ಬಾರಿ ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಸರಿಹೋಗಿಲ್ಲ. (ತೀರ್ಥಹಳ್ಳಿ)

ಉತ್ತರ: ಸ್ಟೀರಿಂಗ್‌ನ ತೊಂದರೆ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಕಾರಣ ಅರ್ಧ ಸಿಕ್ಕಂತೆಯೇ. ನಿರ್ದಿಷ್ಟ ವೇಗದಲ್ಲಿ ಮಾತ್ರ ಬರುವ ನಡುಕಕ್ಕೆ ಸಾಮಾನ್ಯವಾಗಿ ಮುಂಚಕ್ರಗಳ ಬ್ಯಾಲೆನ್ಸಿಂಗ್ ತಪ್ಪಿರುವುದೇ ಕಾರಣ. ಅಲೈನ್‌ಮೆಂಟ್‌ನಲ್ಲಿ ಚಕ್ರಗಳ ಕೋನವನ್ನು ಸರಿಪಡಿಸುತ್ತಾರೆ. ಬ್ಯಾಲೆನ್ಸಿಂಗ್‌ನಲ್ಲಿ ಚಕ್ರದ ಸುತ್ತ ತೂಕ ಸಮನಾಗಿ ಹಂಚಿಕೆಯಾಗುವಂತೆ ನೋಡಿಕೊಳ್ಳುತ್ತಾರೆ. ಒಂದನ್ನು ಎಷ್ಟು ಸಲ ಮಾಡಿಸಿದರೂ ಇನ್ನೊಂದರ ದೋಷ ಹೋಗುವುದಿಲ್ಲ.

ಹಣ ಕೊಡುವ ಮೊದಲು ನೀವೇ ನೋಡಬಹುದಾದ ಎರಡು ಸಂಗತಿಗಳಿವೆ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುರಸ್ತೆಗಳಲ್ಲಿ ಓಡಿದ ಕಾರಿನ ರಿಮ್‌ಗಳ ಒಳಬದಿಯಲ್ಲಿ ಕೆಸರು ಮೆತ್ತಿಕೊಂಡು, ಒಣಗಿ, ಗಟ್ಟಿಯಾಗಿ ಕುಳಿತಿರುತ್ತದೆ; ಕೆಲವೇ ಗ್ರಾಂಗಳ ವ್ಯತ್ಯಾಸವೂ ಹೆದ್ದಾರಿಯ ವೇಗದಲ್ಲಿ ಕೈಗೆ ತಿಳಿಯುವುದರಿಂದ, ಒಳಬದಿಗೆ ನೀರು ಹೊಡೆಸಿ ಚೆನ್ನಾಗಿ ತೊಳೆಸಿ. ಬಳಿಕ ರಿಮ್‌ನ ಮೇಲೆ, ಸುತ್ತಲೂ ಧೂಳು ಹಿಡಿದು ನಡುವೆ ಮಾತ್ರ ಸ್ವಚ್ಛವಾಗಿರುವ ಚೌಕಾಕಾರದ ಗುರುತೇನಾದರೂ ಇದೆಯೇ ನೋಡಿ. ಅಲ್ಲಿ ಅಂಟಿಸಿದ್ದ ತೂಕದ ತುಂಡು ಉದುರಿಹೋಗಿದೆ ಎಂದು ಅದರ ಅರ್ಥ. ಬ್ಯಾಲೆನ್ಸಿಂಗ್ ಆದ ಮೇಲೂ ನಡುಕ ಉಳಿದರೆ ರಿಮ್ ಬಾಗಿದೆಯೇ, ಟೈರ್ ಎಲ್ಲಾದರೂ ಉಬ್ಬಿದೆಯೇ ಎಂದು ಪರೀಕ್ಷಿಸಬೇಕು. ಉಬ್ಬಿದ ಟೈರಿನಲ್ಲಿ ಮುಂದೆ ಓಡಿಸಲೇಬಾರದು. ಬ್ರೇಕ್ ಒತ್ತಿದಾಗ ಮಾತ್ರ ನಡುಗುವುದಾದರೆ ಮುಂದಿನ ಬ್ರೇಕ್ ಡಿಸ್ಕ್‌ಗಳನ್ನು ನೋಡಿಸಿ.

ಪ್ರಶ್ನೆ: ಸ್ಟೀರಿಂಗ್ ಸಡಿಲ ಹಿಡಿದರೆ ಕಾರು ಎಡಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಬೇಕೆ? (ಹುಬ್ಬಳ್ಳಿ)

ಉತ್ತರ: ಕಡೆಯಲ್ಲಿ ಬೇಕಾಗಬಹುದು, ಆದರೆ ಅದರಿಂದಲೇ ಆರಂಭಿಸಬೇಡಿ. ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ಎಡಬದಿಯಲ್ಲಿ ಸಾಗುವ ಕಾರು ತುಸು ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ ರಸ್ತೆಯಲ್ಲೂ ಎಳೆಯುವುದಾದರೆ, ಟೈರುಗಳು ತಣ್ಣಗಿರುವಾಗ ನಾಲ್ಕರಲ್ಲೂ ಗಾಳಿಯ ಒತ್ತಡವನ್ನು ಅಳೆಸಿ. ಅದು ಸರಿಯಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅದಲುಬದಲು ಮಾಡಿಸಿ (ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಹೀಗೆ ಬದಲಿಸುವಂತಿಲ್ಲ). ಎಳೆತ ಬಲಕ್ಕೆ ತಿರುಗಿತೆಂದರೆ ದೋಷ ಟೈರಿನದು. ಎಡಕ್ಕೇ ಉಳಿದರೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎಡ ಮುಂಚಕ್ರದ ಬಳಿ ಕೈ ಹಿಡಿದು, ಮುಟ್ಟದೆ, ಬಲಕ್ಕಿಂತ ಹೆಚ್ಚು ಬಿಸಿಯಿದೆಯೇ ನೋಡಿ. ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇವೆಲ್ಲ ಸರಿಯಿದ್ದಾಗ ಅಲೈನ್‌ಮೆಂಟ್ ಮಾಡಿಸಿ.

ಪ್ರಶ್ನೆ: ಬೆಳಿಗ್ಗೆ ಕಾರು ಶುರುಮಾಡಿದಾಗ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ಎಚ್ಚರಿಕೆ ದೀಪ ಉರಿದು ಸ್ಟೀರಿಂಗ್ ಬಿಗಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿ ಸರಿಯಾಗುತ್ತದೆ. (ಮೈಸೂರು)

ಉತ್ತರ: ಮೊದಲು ಬ್ಯಾಟರಿಯನ್ನು ಪರೀಕ್ಷಿಸಿ. ಈ ಸ್ಟೀರಿಂಗ್‌ಗೆ ನೆರವಾಗುವ ಮೋಟಾರ್ ಬಹಳ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಸಾಲದಾದಾಗ ನಿಯಂತ್ರಣ ಘಟಕ ಆ ನೆರವನ್ನು ನಿಲ್ಲಿಸುತ್ತದೆ. ರಾತ್ರಿಯಿಡೀ ನಿಂತ ಕಾರಿನ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಟರ್ಮಿನಲ್‌ಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸ್ವಚ್ಛಗೊಳಿಸಿ ಬಿಗಿ ಮಾಡಿಸಿ. ಬ್ಯಾಟರಿ ಸರಿಯಿದ್ದೂ ದೀಪ ಉರಿದರೆ ಸ್ಕ್ಯಾನರ್‌ನಿಂದ ದೋಷದ ಸಂಕೇತವನ್ನು ಓದಿಸಬೇಕು. ಅದನ್ನು ಓದಿಸದೆ ಇಡೀ ಸ್ಟೀರಿಂಗ್ ಕಾಲಂ ಬದಲಿಸಲು ಒಪ್ಪಬೇಡಿ. ಓಡುವಾಗ ನೆರವು ನಿಂತರೂ ಚಕ್ರಗಳೊಂದಿಗಿನ ಯಾಂತ್ರಿಕ ಸಂಪರ್ಕ ಇದ್ದೇ ಇರುತ್ತದೆ. ಬಲ ಹಾಕಿ ತಿರುಗಿಸಿ ಪಕ್ಕಕ್ಕೆ ನಿಲ್ಲಿಸಬಹುದು.

ಪ್ರಶ್ನೆ: ಕೆಲವೊಮ್ಮೆ ಕೀಲಿ ತಿರುಗುವುದಿಲ್ಲ, ಸ್ಟೀರಿಂಗ್ ಅಲುಗಾಡುವುದಿಲ್ಲ. ಇನ್ನೊಂದು ವಿಷಯ: ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಯೇ? (ಮೂಡಿಗೆರೆ)

ಉತ್ತರ: ಮೊದಲನೆಯದು ದೋಷವಲ್ಲ, ಕಳ್ಳತನ ತಡೆಯುವ ಸ್ಟೀರಿಂಗ್ ಲಾಕ್. ಸ್ಟೀರಿಂಗನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸುತ್ತ ಕೀಲಿ ತಿರುಗಿಸಿದರೆ ಬಿಡುತ್ತದೆ.

ಎರಡನೆಯದನ್ನು ದಯವಿಟ್ಟು ಎಂದೂ ಮಾಡಬೇಡಿ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್‌ನ ನೆರವು ಹೋಗುತ್ತದೆ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಕೆಲವೇ ಒತ್ತುಗಳಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಕೀಲಿ ಕೈತಪ್ಪಿ ಪೂರ್ತಿ ಹಿಂದಕ್ಕೆ ತಿರುಗಿ ಹೊರಬಂದರೆ ಲಾಕ್ ಬಿದ್ದು ಚಾರ್ಮಾಡಿಯ ತಿರುವಿನಲ್ಲಿ ಸ್ಟೀರಿಂಗ್ ತಿರುಗದೇ ಹೋಗಬಹುದು. ಇದರಿಂದ ಉಳಿತಾಯವೂ ಇಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳು ಗೇರಿನಲ್ಲಿ ಇಳಿಯುತ್ತಿರುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನು ತಾವೇ ಕಡಿತಗೊಳಿಸುತ್ತವೆ. ಆದ್ದರಿಂದ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ, ಎಂಜಿನ್ ತಡೆಯುವಷ್ಟು ವೇಗದಲ್ಲಿಯೇ ಘಾಟಿ ಇಳಿಯಿರಿ.

ಪ್ರಶ್ನೆ: ಹಾರ್ನ್ ಆಗಾಗ ಕೈಕೊಡುತ್ತದೆ, ಜೊತೆಗೆ ಏರ್‌ಬ್ಯಾಗ್ ದೀಪವೂ ಉರಿಯುತ್ತಿದೆ. (ಬಳ್ಳಾರಿ)

ಉತ್ತರ: ಎರಡೂ ಒಟ್ಟಿಗೆ ಬಂದರೆ ಸ್ಟೀರಿಂಗ್ ಚಕ್ರದ ಹಿಂದಿನ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ ತಂತಿ ತುಂಡಾಗಿರುವ ಸಾಧ್ಯತೆ ಹೆಚ್ಚು. ದೀಪ ಉರಿಯುತ್ತಿರುವಷ್ಟು ಕಾಲ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದಿರಬಹುದು, ಹಾಗಾಗಿ ಮುಂದೂಡಬೇಡಿ. ಅದನ್ನು ನೀವೇ ಬಿಚ್ಚಬೇಡಿ. ಬ್ಯಾಟರಿಯ ಸಂಪರ್ಕ ಕಳಚಿ, ತಯಾರಕರು ಸೂಚಿಸಿದಷ್ಟು ಹೊತ್ತು ಕಾದು ಕೆಲಸ ಮಾಡುವ ತರಬೇತಾದ ತಂತ್ರಜ್ಞರಿಂದಲೇ ಮಾಡಿಸಿ.