ಮಡೀರಾ ಓಪನ್ ಲೇಖನ: ಈಗಿರೋ ಹಾಗೆ ಹಾಕಕ್ಕಾಗಲ್ಲ

ನಮಸ್ಕಾರ ಸರ್,

ನೀವು ಕಳಿಸಿದ, ಪೋರ್ಚುಗಲ್‌ನ ಮಡೀರಾ ದ್ವೀಪದಲ್ಲಿ ನಡೀತಿದ್ದ ಮಡೀರಾ ಐಲ್ಯಾಂಡ್ಸ್ ಓಪನ್ ಗಾಲ್ಫ್ ಟೂರ್ನಿಯ ಇತಿಹಾಸ ಓದಿದೆ, ಉತ್ತರ ಲೇಟಾಯ್ತು, ಬೇಜಾರು ಮಾಡ್ಕೋಬೇಡಿ. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ಹಾಗೆ ಇದನ್ನ ಹಾಕಕ್ಕಾಗಲ್ಲ. 1993ರಲ್ಲಿ ಮಾರ್ಕ್ ಜೇಮ್ಸ್ ಗೆದ್ದರು, 1994ರಲ್ಲಿ ಮ್ಯಾಟ್ಸ್ ಲ್ಯಾನರ್, 1995ರಲ್ಲಿ ಸ್ಯಾಂಟಿಯಾಗೊ ಲೂನಾ ಅಂತ ಶುರುಮಾಡಿ 2015ರ ರೂಪೆ ಕಕ್ಕೊ ತನಕ ಒಂದೇ ಉಸಿರಲ್ಲಿ ಹೋಗಿದೀರ, ಮೇಷ್ಟ್ರು ಹಾಜರಿ ಕೂಗಿದ ಹಾಗಿದೆ. ಹೆಸರು ಇಸವಿ ಎಲ್ಲಾ ಸರಿಯಾಗೇ ಇದೆ, ತೊಂದರೆ ಅದಲ್ಲ.

ಮೊದಲನೇ ಪ್ಯಾರಾದಲ್ಲೇ ‘ಪ್ರತಿಷ್ಠಿತ ಟೂರ್ನಿ’ ಅಂದಿದೀರ. ಯಾರಿಗೆ ಸರ್ ಪ್ರತಿಷ್ಠಿತ? ದೊಡ್ಡ ಆಟಗಾರರು ಬೇರೆ ಕಡೆ ಆಡ್ತಿರೋ ವಾರಗಳಲ್ಲಿ ಇದು ನಡೀತಿತ್ತು, ಕೊನೆಕೊನೆಗೆ ಯುರೋಪಿಯನ್ ಟೂರ್ (ಯುರೋಪಿನ ಮುಖ್ಯ ವೃತ್ತಿಪರ ಗಾಲ್ಫ್ ಸರಣಿ) ಕೆಳಗಿನ ಎರಡನೇ ದರ್ಜೆ ಚಾಲೆಂಜ್ ಟೂರ್ ಜೊತೆ ಸೇರಿಸಿ ನಡೆಸಿದರು, 2015 ಆದಮೇಲೆ ನಿಂತೇಹೋಯ್ತು. ಅದನ್ನ ಮುಚ್ಚಿಡಕ್ಕೆ ಹೋಗ್ಬೇಡಿ, ಕಥೆ ಇರೋದೇ ಅಲ್ಲಿ. ಸ್ಟಾರ್‌ಗಳು ಬರದೇ ಇರೋ ಕಡೆ ಯಾರು ಬರ್ತಾರೆ, ವಯಸ್ಸಾದೋರು, ಬಿದ್ದು ಎದ್ದೋರು, ಇನ್ನೂ ಹೆಸರು ಮಾಡದೇ ಇರೋ ಹುಡುಗರು. ನಿಮ್ಮ ಪಟ್ಟಿಯಲ್ಲೇ ಮೂರೂ ಥರದೋರು ಕೂತಿದಾರೆ, ನೀವು ಮಾತಾಡಿಸ್ದೆ ಮುಂದಕ್ಕೆ ಹೋಗಿದೀರ ಅಷ್ಟೆ.

2006ಕ್ಕೆ ‘ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ವಿಜೇತ’ ಅಂತ ಒಂದು ಸಾಲು ಬರೆದು ಬಿಟ್ಟಿದೀರಲ್ಲ, ಅದನ್ನ ನೋಡಿ ನಿಜವಾಗ್ಲೂ ಸಿಟ್ಟು ಬಂತು. 1999ರ ಬ್ರಿಟಿಷ್ ಓಪನ್, ಕಾರ್ನೂಸ್ಟಿ, ಕೊನೇ ಹೋಲ್‌ಗೆ ಬಂದಾಗ ಈ ಮನುಷ್ಯ ಮೂರು ಹೊಡೆತ ಮುಂದಿದ್ದ (ಗಾಲ್ಫ್‌ನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದೋನೇ ಗೆಲ್ಲೋದು), ಆರರಲ್ಲಿ ಮುಗಿಸಿದ್ರೂ ಕಪ್ ಅವನದೇ, ಅಂಥಾದ್ರಲ್ಲಿ ಬಾಲ್ ಹಳ್ಳಕ್ಕೆ ಬಿತ್ತು, ಇವನು ಶೂ ಸಾಕ್ಸ್ ಬಿಚ್ಚಿ ಪ್ಯಾಂಟ್ ಮಡಚಿ ನೀರಿಗಿಳಿದು ನಿಂತು ಹೊಡೀಲಾ ಬೇಡ್ವಾ ಅಂತ ನೋಡ್ತಾ ಇದ್ದಿದ್ದನ್ನ ಜಗತ್ತೇ ಟಿವಿಲಿ ನೋಡ್ತು. ಏಳು ಹೊಡೆದ, ಸಮ ಆಗೋಯ್ತು, ಅದನ್ನ ಬಗೆಹರಿಸೋ ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದ. 1993ರಲ್ಲಿ ರೋಮ್‌ನಲ್ಲಿ ಗೆದ್ದಮೇಲೆ ಯುರೋಪಿಯನ್ ಟೂರ್‌ನಲ್ಲಿ ಅವನಿಗೆ ಮತ್ತೆ ಗೆಲುವು ಸಿಕ್ಕಿದ್ದು 13 ವರ್ಷ ಬಿಟ್ಟು, ಇದೇ ಮಡೀರಾದಲ್ಲಿ. ನಾನಾಗಿದ್ರೆ ಲೇಖನ ಇಲ್ಲಿಂದಲೇ ಶುರು ಮಾಡ್ತಿದ್ದೆ.

2001ರ ಡೆಸ್ ಸ್ಮಿಥ್ ಕೂಡ ಹಾಗೇ. ಐರ್ಲೆಂಡಿನೋರು, ಗೆದ್ದಾಗ ವಯಸ್ಸು 48 ವರ್ಷ 34 ದಿನ, ಆ ಟೂರ್‌ನಲ್ಲಿ ಅತಿ ಹಿರಿಯ ವಿಜೇತ ಅನ್ನೋ ದಾಖಲೆ, 2012ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ಪೇನಿನ ಹಿಮೆನೆಸ್ ಮುರಿಯೋ ತನಕ ಇತ್ತು. ಪೋರ್ಚುಗಲ್‌ನೋನೇ ಗೆದ್ದಿದ್ದು 2012ರ ರಿಕಾರ್ಡೊ ಸಾಂಟೋಸ್ ಒಬ್ಬನೇ, ಅದಕ್ಕೂ ಎರಡು ಸಾಲು ಕೊಡಿ. ಮಿಕ್ಕ ಎಷ್ಟೋ ವಿಜೇತರನ್ನ ಕೈಬಿಟ್ರೂ ನಷ್ಟ ಇಲ್ಲ.

ಜಾಗದ ಬಗ್ಗೆ ಏನೂ ಇಲ್ಲ. ರೊನಾಲ್ಡೊ ಹುಟ್ಟಿದ ದ್ವೀಪ, ಪೋರ್ಚುಗಲ್‌ದಾದ್ರೂ ಲಿಸ್ಬನ್‌ಗಿಂತ ಮೊರಾಕ್ಕೊ ತೀರಕ್ಕೇ ಹತ್ತಿರ ಅಂದ್ರೆ ನಮ್ಮ ಓದುಗರಿಗೆ ತಟ್ಟಂತ ಗೊತ್ತಾಗತ್ತೆ. ಸಾಂಟೊ ದ ಸೆರ್ರಾ ಕೋರ್ಸ್ ಬೆಟ್ಟದ ಮೇಲಿದೆ, ಮಂಜು ಕವಿದ್ರೆ ಮುಗೀತು, ಬಾಲ್ ಎಲ್ಲಿ ಹೋಯ್ತು ಅಂತಾನೇ ಕಾಣಲ್ಲ. 2014ರಲ್ಲಿ 72 ಹೋಲ್ ಆಡಬೇಕಿದ್ದಿದ್ದನ್ನ ಮಂಜಿನಿಂದ 36ಕ್ಕೆ ಇಳಿಸಿದರು. 2015ರಲ್ಲಿ ಮಾರ್ಚ್‌ನಲ್ಲಿ ಹವಾಮಾನ ಕೆಟ್ಟು ಕೈಬಿಟ್ಟು, ಜುಲೈ ಕೊನೆಗೆ ಮತ್ತೆ ಕರೆದು ಆಡಿಸಿದರು.

ಆ 2014ನ್ನ ಮಾತ್ರ ಹುಷಾರಾಗಿ ಬರೀರಿ. ಭಾನುವಾರ ಅಲಸ್ಟೇರ್ ಫಾರ್ಸೈತ್ ಅವರ ಕ್ಯಾಡಿ (ಆಟಗಾರರ ಬ್ಯಾಗ್ ಹೊತ್ತು ಜೊತೆಗಿರೋರು) ಇಯಾನ್ ಮೆಕ್‌ಗ್ರೆಗರ್ ಕೋರ್ಸ್ ಮೇಲೇ ಕುಸಿದು ತೀರಿಕೊಂಡರು. ಈ ಫಾರ್ಸೈತ್ 2008ರಲ್ಲಿ ಇದೇ ಟೂರ್ನಿ ಗೆದ್ದವರು, ನಿಮ್ಮ ಪಟ್ಟಿಯಲ್ಲೂ ಇದ್ದಾರೆ, ನೀವು ಎರಡನ್ನೂ ಜೋಡಿಸಿಲ್ಲ. ಸಂಬಂಧಪಟ್ಟ ಆಟಗಾರರು, ಕ್ಯಾಡಿಗಳ ಹತ್ರ ಕೇಳಿಯೇ ಆಟ ಮುಂದುವರಿಸಿದ್ದು ಅಂತ ಟೂರ್‌ನೋರು ಹೇಳಿದರು, ಹಾಗಿದ್ರೂ ಬೇರೆ ಆಟಗಾರರಿಂದಲೇ ಟೀಕೆ ಬಂತು. ಅದೇ ದಿನ ದೊಡ್ಡೋರೆಲ್ಲ ಫ್ಲೋರಿಡಾದಲ್ಲಿ ಪ್ಲೇಯರ್ಸ್ ಚಾಂಪಿಯನ್‌ಶಿಪ್ ಆಡ್ತಿದ್ದರು. ನೀವು ತೀರ್ಪು ಕೊಡೋದು ಬೇಡ, ನಡೆದಿದ್ದನ್ನ ನಡೆದ ಹಾಗೆ ಇಡಿ.

ವಿಜೇತರ ಪಟ್ಟಿ ಬೇಕೇಬೇಕು ಅಂದ್ರೆ ಕೊನೇಲಿ ಒಂದು ಬಾಕ್ಸ್ ಮಾಡ್ಸೋಣ. ಇನ್ನೊಂದು ಸಲ ಬರೆದು ಕಳಿಸಿ, ಖಂಡಿತ ಓದ್ತೀನಿ, ಹಾಕ್ತೀನಿ ಅಂತ ಈಗ್ಲೇ ಮಾತು ಕೊಡಲ್ಲ. ಮತ್ತೆ ದಯವಿಟ್ಟು ನುಡಿ ಫೈಲ್ ಬೇಡ, ಯುನಿಕೋಡ್‌ನಲ್ಲೇ ಕಳಿಸಿ, ಕನ್ವರ್ಟ್ ಮಾಡಿದಾಗ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗಿತ್ತು.