ಮರಿಯ ಭೇದಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಸಾಕುಪ್ರಾಣಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮಲ್ಲಿ ಹತ್ತು ವಾರದ ಲ್ಯಾಬ್ರಡಾರ್ ಹೆಣ್ಣುಮರಿ ಇದೆ, ತೂಕ 4 ಕೆ.ಜಿ. ಮನೆಗೆ ತಂದು ಮೂರು ವಾರ. ಅವತ್ತಿನಿಂದ ಭೇದಿ ಸರಿಹೋಗಿಲ್ಲ. ಎರಡು ದಿನ ಗಟ್ಟಿಯಾಗುತ್ತದೆ, ಮೂರನೇ ದಿನ ಮತ್ತೆ ನೀರು ನೀರು, ಒಮ್ಮೊಮ್ಮೆ ಲೋಳೆ. ಮೊದಲು ರಾಗಿಮುದ್ದೆಗೆ ಹಾಲು ಹಾಕಿ ಕಲಸಿ ಕೊಡುತ್ತಿದ್ದೆವು. ಆಮೇಲೆ ಅಂಗಡಿಯ ಡಾಗ್ ಫುಡ್ ಮೂರು ಸಲ ಬದಲಾಯಿಸಿ ನೋಡಿದೆವು. ತಂದಾಗ ಒಮ್ಮೆ ಜಂತಿನ ಔಷಧ ಕುಡಿಸಿದ್ದೇವೆ. ಮೆಡಿಕಲ್ ಶಾಪ್‌ನಲ್ಲಿ ಮೆಟ್ರೊನಿಡಜೋಲ್ ಕೊಟ್ಟರು. ಕೊಟ್ಟಾಗ ಪರವಾಗಿಲ್ಲ, ನಿಲ್ಲಿಸಿದರೆ ಮತ್ತೆ ಶುರು. ಆಟ ಆಡುತ್ತಾಳೆ, ಹಸಿವೂ ಇದೆ. ಮುಂದೇನು ಮಾಡಬೇಕು?
– ಗುಬ್ಬಿ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಆತಂಕ ತಂದದ್ದು ಮರಿಯ ತೂಕ. ಈ ವಯಸ್ಸಿನ ಲ್ಯಾಬ್ರಡಾರ್ ಹೆಣ್ಣುಮರಿ ಸಾಮಾನ್ಯವಾಗಿ 6 ಕೆ.ಜಿ. ಆಸುಪಾಸು ಇರುತ್ತದೆ. ಆಟ, ಹಸಿವು ಚೆನ್ನಾಗಿರುವುದರಿಂದ, ಮರಿಗಳಿಗೆ ತೀವ್ರ ವಾಂತಿ-ಭೇದಿ ತರುವ ಪಾರ್ವೊ ಎಂಬ ವೈರಸ್ ರೋಗ ಇರಲಿಕ್ಕಿಲ್ಲ. ಆದರೆ ತಿಂದದ್ದು ಮೈಗೆ ಹತ್ತುತ್ತಿಲ್ಲ. ಮೂರು ವಾರ ಎಳೆದ ಭೇದಿಯನ್ನು ‘ಮರಿಗಳಿಗೆ ಹೀಗೇ, ಬೆಳೆದರೆ ಸರಿಹೋಗುತ್ತದೆ’ ಎಂದು ಬಿಡಬಾರದು. ಆಹಾರವನ್ನೂ ಮಾತ್ರೆಯನ್ನೂ ಇನ್ನೊಮ್ಮೆ ಬದಲಿಸುವ ಮೊದಲು ಮಲಪರೀಕ್ಷೆ ಮಾಡಿಸಿ.

ಒಂದು ದಿನದ ಮಲ ಸಾಲದು. ಜಿಯಾರ್ಡಿಯಾ ಎಂಬ ಏಕಕೋಶ ಪರೋಪಜೀವಿ ಒಂದು ದಿನ ಮಲದಲ್ಲಿ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಹಾಗಾಗಿ ಮೂರು ದಿನ, ದಿನಕ್ಕೊಂದು ಟೀ ಚಮಚದಷ್ಟು ತಾಜಾ ಮಲವನ್ನು ಮಣ್ಣು ತಾಗದ ಮೇಲ್ಭಾಗದಿಂದ ತೆಗೆದು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ ದಿನಾಂಕ ಬರೆಯಿರಿ. ಮಣ್ಣು ಸೇರಿದರೆ ಮಣ್ಣಿನ ಹುಳುಗಳೇ ಸೂಕ್ಷ್ಮದರ್ಶಕದಲ್ಲಿ ಕಂಡು ದಾರಿ ತಪ್ಪಿಸುತ್ತವೆ. ಡಬ್ಬಿ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಕೊನೆಯ ದಿನದ್ದನ್ನು ಮಾತ್ರ ಬಿಸಿ ಆರುವ ಮುಂಚೆಯೇ ಆಸ್ಪತ್ರೆಗೆ ಮುಟ್ಟಿಸಿ, ಏಕೆಂದರೆ ಜೀವಂತವಾಗಿ ಓಡಾಡುವ ಜಿಯಾರ್ಡಿಯಾ ಹೊಸ ಮಲದಲ್ಲಷ್ಟೇ ಕಾಣುತ್ತದೆ. ಮಲವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡರೂ ಉಪಯೋಗವಿದೆ. ರಾಶಿ ರಾಶಿ ನೀರಾಗಿ ಹೋಗಿ ತೂಕ ಇಳಿಯುತ್ತಿದ್ದರೆ ತೊಂದರೆ ಸಣ್ಣ ಕರುಳಿನಲ್ಲಿ. ಸ್ವಲ್ಪ ಸ್ವಲ್ಪವೇ ಹತ್ತಾರು ಸಲ ತಿಣುಕುತ್ತಾ ಲೋಳೆ, ಕೆಂಪು ರಕ್ತದ ಗೆರೆ ಬರುತ್ತಿದ್ದರೆ ದೊಡ್ಡ ಕರುಳಿನಲ್ಲಿ. ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಮೇಲಿನ ಕರುಳಿನಲ್ಲಿ ರಕ್ತ ಸೋರುತ್ತಿದೆ ಎಂದರ್ಥ. ಮರಿಗಳಲ್ಲಿ ಮೊದಲ ಅನುಮಾನ ಕರುಳಿಗೆ ಕಚ್ಚಿ ರಕ್ತ ಹೀರುವ ಕೊಕ್ಕೆಹುಳುವಿನ ಮೇಲೆ.

ಜಂತಿನ ಔಷಧ ಒಮ್ಮೆ ಹಾಕಿದರೆ ಮುಗಿಯಿತು ಎಂಬ ನಂಬಿಕೆ ತುಂಬಾ ಜನರಲ್ಲಿದೆ, ಅದು ಸರಿಯಲ್ಲ. ದುಂಡುಹುಳುವಿನ ಮರಿಹುಳುಗಳು ತಾಯಿಯ ಗರ್ಭದಲ್ಲೇ ನಾಯಿಮರಿಯನ್ನು ಸೇರುತ್ತವೆ, ಹಾಲಿನ ಮೂಲಕವೂ ಬರುತ್ತವೆ. ಕೊಕ್ಕೆಹುಳು ಹಾಲಿನಿಂದಲೂ ಪಾದದ ಚರ್ಮ ಕೊರೆದೂ ಒಳಹೋಗುತ್ತದೆ. ಔಷಧ ಕೊಲ್ಲುವುದು ಕರುಳಿನಲ್ಲಿರುವ ಹುಳುಗಳನ್ನು. ಯಕೃತ್ತು, ಶ್ವಾಸಕೋಶದಲ್ಲಿ ಸುತ್ತಾಡುತ್ತಿರುವ ಮರಿಹುಳುಗಳು ಆಮೇಲೆ ಕರುಳಿಗಿಳಿದು ಬೆಳೆಯುತ್ತವೆ. ಅದಕ್ಕೇ ಎರಡನೇ ವಾರದಿಂದ ಎಂಟನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಎಂಬ ಲೆಕ್ಕ ಇಟ್ಟಿರುವುದು. ನಿಮ್ಮ ಮರಿಗೆ ಸರದಿ ತಪ್ಪಿದಂತಿದೆ. ಕುಡಿಸುವ ದಿನ ತೂಕ ನೋಡಲೇಬೇಕು. ಮರಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು ಕಳೆದರೆ ಅಂದಾಜು ಸಿಗುತ್ತದೆ. ಚಿಕ್ಕ ಮರಿಗೆ ದಿನಸಿ ಅಂಗಡಿಯ ತಕ್ಕಡಿ ಇನ್ನೂ ಒಳ್ಳೆಯದು. ಹೋದ ತಿಂಗಳ ತೂಕಕ್ಕೆ ಈ ತಿಂಗಳ ಡೋಸ್ ಕೊಟ್ಟರೆ ಕಡಿಮೆಯಾಗಿ ಹುಳು ಉಳಿದುಬಿಡುತ್ತದೆ.

ನಿಮ್ಮ ಮರಿಯಲ್ಲಿ ಜಿಯಾರ್ಡಿಯಾ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಪರೀಕ್ಷೆಯಲ್ಲಿ ಕಂಡರೆ ವೈದ್ಯರು ಸಾಮಾನ್ಯವಾಗಿ ಫೆನ್‌ಬೆಂಡಜೋಲ್ ಬರೆಯುತ್ತಾರೆ: ಕೆ.ಜಿ. ತೂಕಕ್ಕೆ 50 ಮಿ.ಗ್ರಾಂ, ದಿನಕ್ಕೊಮ್ಮೆ, ಐದು ದಿನ. ನಾಲ್ಕು ಕೆ.ಜಿ. ಮರಿಗೆ ದಿನಕ್ಕೆ 200 ಮಿ.ಗ್ರಾಂ. ಮೂರನೇ ದಿನಕ್ಕೆ ಮಲ ಗಟ್ಟಿಯಾಯಿತೆಂದು ನಿಲ್ಲಿಸಬೇಡಿ. ಕೊನೆಯ ದಿನ ಶಾಂಪೂ ಹಾಕಿ ಸ್ನಾನ ಮಾಡಿಸಿ, ಹಿಂಭಾಗ ಮತ್ತು ಕಾಲಿನ ಕೂದಲನ್ನು ಚೆನ್ನಾಗಿ ತೊಳೆದು ಒಣಗಿಸಿ. ಕೂದಲಿಗೆ ಅಂಟಿದ ಜಿಯಾರ್ಡಿಯಾ ಕೋಶವನ್ನು ಮರಿ ತಾನೇ ನೆಕ್ಕಿ ಮತ್ತೆ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ. ‘ಔಷಧ ಕೆಲಸ ಮಾಡಲಿಲ್ಲ’ ಎನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಇದೇ. ಕಂಡದ್ದು ಕಾಕ್ಸಿಡಿಯಾ ಎಂಬ ಇನ್ನೊಂದು ಏಕಕೋಶ ಪರೋಪಜೀವಿ ಆದರೆ ಫೆನ್‌ಬೆಂಡಜೋಲ್‌ನಿಂದ ಪ್ರಯೋಜನವಿಲ್ಲ, ಅದಕ್ಕೆ ಸಲ್ಫಾ ಗುಂಪಿನ ಔಷಧವೋ ಟಾಲ್ಟ್ರಾಜುರಿಲೋ ಬೇಕು. ಪರೀಕ್ಷೆ ಮೊದಲು ಎಂದದ್ದು ಇದಕ್ಕೇ.

ಮೆಟ್ರೊನಿಡಜೋಲ್ ನಿಲ್ಲಿಸಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೆಡಿಸುತ್ತದೆ, ಡೋಸ್ ಹೆಚ್ಚಾದರೆ ನರಕ್ಕೆ ಪೆಟ್ಟು ಬಿದ್ದು ಮರಿ ತೂರಾಡತೊಡಗುತ್ತದೆ. ಮನುಷ್ಯರ ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯೂ ಬೇಡ. ಸೋಂಕಿದ್ದಾಗ ಕರುಳಿನ ಚಲನೆ ತಡೆದರೆ ವಿಷ ಒಳಗೇ ಉಳಿಯುತ್ತದೆ.

ಇನ್ನು ಊಟದ ವಿಷಯ. ಹಸುವಿನ ಹಾಲನ್ನು ಇವತ್ತೇ ಬಿಡಿ. ನಾಯಿಯ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು. ಸಕ್ಕರೆ ಅಂಶವಾದ ಲ್ಯಾಕ್ಟೋಸ್ ಕಡಿಮೆ. ತಾಯಿಹಾಲು ಬಿಟ್ಟ ಮರಿಯಲ್ಲಿ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿಗಿಳಿದು ಹುಳಿಯಾಗಿ ನೀರನ್ನು ಎಳೆದುಕೊಳ್ಳುತ್ತದೆ. ಮುದ್ದೆ ವಿಷವೇನಲ್ಲ, ನಮ್ಮ ಕಡೆ ಎಷ್ಟೋ ನಾಯಿಗಳು ಅದರಲ್ಲೇ ಬದುಕಿವೆ. ಆದರೆ ರಾಗಿಯಲ್ಲಿ ಪ್ರೋಟೀನು ಶೇ 7ರಷ್ಟು. ಬೆಳೆಯುವ ಮರಿಯ ಒಣ ಆಹಾರದಲ್ಲಿ ಕನಿಷ್ಠ ಶೇ 22 ಬೇಕು. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮುದ್ದೆಯ ಜೊತೆ ಹೋಗುವ ಸಾರು ಇನ್ನೂ ಕೆಟ್ಟದ್ದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ.

ಸದ್ಯಕ್ಕೆ ಹೀಗೆ ಮಾಡಿ. ಚರ್ಮ, ಮೂಳೆ ತೆಗೆದ ಕೋಳಿ ಎದೆಮಾಂಸವನ್ನು ಉಪ್ಪು, ಅರಿಶಿನ, ಎಣ್ಣೆ ಯಾವುದೂ ಇಲ್ಲದೆ ಬೇಯಿಸಿ ಸಣ್ಣಗೆ ಬಿಡಿಸಿ. ಅನ್ನವನ್ನು ಬೆರಳಲ್ಲಿ ಹಿಚುಕಿದರೆ ಕರಗುವಷ್ಟು ಬೇಯಿಸಿ. ನಾಲ್ಕು ಕೆ.ಜಿ. ಮರಿಗೆ ಮೊದಲ ದಿನ ಒಟ್ಟು 100 ಗ್ರಾಂ ಬೆಂದ ಮಾಂಸ, 200 ಗ್ರಾಂ ಅನ್ನ ಸಾಕು. ಐದು ಹೊತ್ತಿಗೆ ಹಂಚಿ. ಒಂದೇ ಸಲ ಬಟ್ಟಲು ತುಂಬಿಟ್ಟರೆ ಎಳೆಯ ಕರುಳಿಗೆ ಅದೇ ಒಂದು ಹೊರೆ. ಮಲ ಹಿಡಿತಕ್ಕೆ ಬಂದರೆ ಎರಡನೇ ದಿನದಿಂದ ಕಾಲು ಭಾಗ ಹೆಚ್ಚಿಸಿ. ಲೋಳೆ ಇದ್ದರೆ ಹೊತ್ತಿಗೊಂದು ಟೀ ಚಮಚ ಬೆಂದ ಸಿಹಿಗುಂಬಳ ಸೇರಿಸಬಹುದು. ಕೋಳಿ ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲದಷ್ಟು ಕಡಿಮೆ, ಆದ್ದರಿಂದ ಒಂದು ವಾರಕ್ಕಿಂತ ಹೆಚ್ಚು ದಿನ ಅದರ ಮೇಲೆ ಇಡಬೇಡಿ. ಮಲ ಮೂರು ದಿನ ಗಟ್ಟಿಯಾಗಿ ಬಂದ ಮೇಲೆ, ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಒಂದು ಆಹಾರ ಆರಿಸಿ. ಕೋಳಿ ಅನ್ನದ ಜೊತೆ ಈ ಹೊಸ ಆಹಾರ ಎರಡು ದಿನ ಕಾಲು ಪಾಲು, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಏಳನೇ ದಿನ ಪೂರ್ತಿ. ಆಮೇಲೆ ಎರಡು ವಾರ ಅದನ್ನೇ ಕೊಡಿ. ನಡುವೆ ಬಿಸ್ಕತ್ತಿನ ಚೂರೂ ಬೇಡ. ಮೂರು ಬ್ರ್ಯಾಂಡ್ ಅದಲುಬದಲು ಮಾಡಿದಾಗ ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂದು ಹೇಳಲು ನಮಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ.

ಭೇದಿ ಇರುವ ದಿನ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಪಕ್ಕದಲ್ಲಿ ಅರ್ಧ ಗಂಟೆಗೊಮ್ಮೆ 10 ಮಿ.ಲೀ. ಕುಡಿಸಿ. ಮರಿ ವಾಂತಿ ಮಾಡುತ್ತಿದ್ದರೆ ಬಲವಂತ ಬೇಡ.

ಈ ಕೆಲವನ್ನು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ: ಊಟ ಬಿಟ್ಟು ಮೂಲೆ ಹಿಡಿಯುವುದು, ಮೇಲಿಂದ ಮೇಲೆ ವಾಂತಿ, ಕೆಟ್ಟ ನಾತದ ರಕ್ತಭೇದಿ, ಬಿಳುಪೇರಿದ ವಸಡು, ಕತ್ತಿನ ಮೇಲಿನ ಚರ್ಮ ಎತ್ತಿಬಿಟ್ಟರೆ ನಿಧಾನವಾಗಿ ಕೂರುವುದು, ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 103 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಅಥವಾ 99ಕ್ಕಿಂತ ಇಳಿಯುವುದು. ಪಾರ್ವೊ ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರುವಾಗಿ, ಹದಿನಾರನೇ ವಾರದವರೆಗೆ ಮೂರು–ನಾಲ್ಕು ವಾರಕ್ಕೊಮ್ಮೆ ಆಗಬೇಕು. ನಿಮ್ಮ ಪತ್ರದಲ್ಲಿ ಲಸಿಕೆಯ ಮಾತೇ ಇಲ್ಲ, ಕಾರ್ಡ್ ತೆಗೆದು ನೋಡಿ.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾತು. ನಾಯಿಯ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮಗುವಿನ ಬಾಯಿಗೆ ಹೋದರೆ ಕಣ್ಣು, ಯಕೃತ್ತಿಗೆ ತೊಂದರೆ ಮಾಡಬಲ್ಲದು. ಮಲವನ್ನು ದಿನವೂ ಎತ್ತಿ, ಸೊಪ್ಪಿನ ಮಡಿಗೆ ಹಾಕಬೇಡಿ. ಮಲಗುವ ಗೋಣಿ, ಬಟ್ಟೆಯನ್ನು ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಬ್ಲೀಚಿಂಗ್ ಪುಡಿ ಪಾರ್ವೊ ವೈರಸ್ಸನ್ನು ಕೊಲ್ಲುತ್ತದೆ, ಆದರೆ ಕಾಕ್ಸಿಡಿಯಾ ಅದಕ್ಕೆ ಬಗ್ಗುವುದಿಲ್ಲ. ಕಾಕ್ಸಿಡಿಯಾಕ್ಕೆ ಕುದಿನೀರೇ ಮದ್ದು.

ಇಷ್ಟೆಲ್ಲ ಮಾಡಿಯೂ ಒಂದು ತಿಂಗಳಲ್ಲಿ ತೂಕ ಏರದಿದ್ದರೆ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬೇಕಾಗುತ್ತದೆ. ಮೇದೋಜೀರಕ ಗ್ರಂಥಿಯ ಕಿಣ್ವ ಕಡಿಮೆ ಇರುವುದು, ಯಕೃತ್ತಿನ ರಕ್ತನಾಳದ ಹುಟ್ಟುದೋಷ, ಆಹಾರದ ಅಲರ್ಜಿ ಇವು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ತುಮಕೂರಿನಲ್ಲಿ ಆಗದ್ದಕ್ಕೆ ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹಳೆಯ ಚೀಟಿ, ವರದಿ ಎಲ್ಲ ಜೊತೆಗಿರಲಿ.

ಪ್ರಶ್ನೆ: ಮನೆಯ ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಘಟಕ ಇದೆ. ನಾಲ್ಕು ತಿಂಗಳ ನಮ್ಮ ನಾಟಿ ಮರಿ ಅಲ್ಲಿ ಬಿಸಾಡಿದ ಬೆಂದ ಹುಳು ತಿಂದು ಬರುತ್ತದೆ. ವಾರಕ್ಕೆರಡು ಸಲ ವಾಂತಿ, ಎಣ್ಣೆ ಎಣ್ಣೆಯಾದ ಭೇದಿ.
– ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಗೂಡಿನೊಳಗಿನ ಹುಳುವಿನಲ್ಲಿ ಪ್ರೋಟೀನು ಚೆನ್ನಾಗಿದೆ, ಎಣ್ಣೆಯೂ ಸಾಕಷ್ಟಿದೆ. ನೂಲು ತೆಗೆಯುವ ಬೇಸಿನ್‌ನಿಂದ ತೆಗೆದ ಒದ್ದೆ ಹುಳು ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಕೊಬ್ಬು ಒಂದು ಕಡೆ, ಕೊಳೆತ ಒಂದು ಕಡೆ, ಎರಡೂ ಸೇರಿ ಹೊಟ್ಟೆ ಕೆಡಿಸುತ್ತಿವೆ. ಕೊಬ್ಬು ವಿಪರೀತವಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು; ಆಗ ನಾಯಿ ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತದೆ, ಹೊಟ್ಟೆ ಮುಟ್ಟಗೊಡುವುದಿಲ್ಲ. ಹಾಗೆ ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮರಿಯನ್ನು ಹೊರಗೆ ಬಿಡುವಾಗ ಹಗ್ಗ ಇರಲಿ, ಹುಳುವನ್ನು ಮುಚ್ಚಿದ ಡ್ರಮ್ಮಿಗೆ ಹಾಕಲು ಘಟಕದವರನ್ನು ಕೇಳಿಕೊಳ್ಳಿ. ಹುಳು ಸಾಕುವ ಮನೆಯೊಳಕ್ಕೂ ಬಿಡಬೇಡಿ, ಅಲ್ಲಿ ಚೆಲ್ಲುವ ಸುಣ್ಣ, ಬ್ಲೀಚಿಂಗ್ ಪುಡಿ ಪಾದ ಮತ್ತು ನಾಲಿಗೆಯನ್ನು ಸುಡುತ್ತವೆ. ನಿಮ್ಮ ಕಡೆ ದ್ರಾಕ್ಷಿ ತೋಟಗಳೂ ಇವೆ. ಉದುರಿದ ದ್ರಾಕ್ಷಿ ತಿಂದ ನಾಯಿಗೆ ಮೂತ್ರಪಿಂಡ ಕೈಕೊಡಬಹುದು. ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ನಂಬುವಂಥ ಅಳತೆ ಇಲ್ಲ, ಒಂದೆರಡು ತಿಂದರೂ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಐದು ತಿಂಗಳ ಮರಿ ತೆಂಗಿನ ಮಟ್ಟೆ ಕಡಿದು ನಾರು ನುಂಗುತ್ತದೆ. ನಿನ್ನೆಯಿಂದ ಮಲ ಹೋಗಿಲ್ಲ. ಹರಳೆಣ್ಣೆ ಕೊಡಬಹುದಾ?
– ತಿಪಟೂರು

ಉತ್ತರ: ಕೊಡಬೇಡಿ. ನಾರು ಗಂಟುಕಟ್ಟಿ ಕರುಳು ಮುಚ್ಚಿದ್ದರೆ ಹರಳೆಣ್ಣೆಯಿಂದ ಕರುಳು ಇನ್ನಷ್ಟು ಹಿಂಡಿ ಹರಿಯುವ ಭಯವಿದೆ. ಮರಿ ಉಂಡು ಆಡಿಕೊಂಡಿದ್ದರೆ ಇವತ್ತು ಸಂಜೆಯೊಳಗೆ ತೋರಿಸಿ. ವಾಂತಿ ಶುರುವಾಗಿದ್ದರೆ, ನೀರೂ ನಿಲ್ಲದಿದ್ದರೆ ಈಗಲೇ ಹೊರಡಿ. ನಾರು ಸಾದಾ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ, ಅದರ ಹಿಂದೆ ಉಬ್ಬಿದ ಕರುಳಷ್ಟೇ ಕಾಣಬಹುದು. ಆದ್ದರಿಂದ ಮಟ್ಟೆ ತಿಂದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಗುದದ್ವಾರದಲ್ಲಿ ನಾರಿನ ತುದಿ ಕಂಡರೆ ಎಳೆಯಬೇಡಿ, ಒಳಗಿನ ಕರುಳು ಕೊಯ್ದುಹೋಗುತ್ತದೆ.

ಪ್ರಶ್ನೆ: ಕೋಳಿ ಅಂಗಡಿಯ ವೇಸ್ಟ್ ತಂದು ಅನ್ನದ ಜೊತೆ ಬೇಯಿಸಿ ಮರಿಗೆ ಹಾಕುತ್ತೇವೆ. ಯಾವಾಗಲೂ ಮಲ ಮೆತ್ತಗೆ.
– ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಚರ್ಮ ಮತ್ತು ಅದರ ಕೊಬ್ಬೇ ಕಾರಣವಿರಬಹುದು. ಅಂಗಡಿಯವರು ಬೆಳಿಗ್ಗೆ ತೆಗೆದಿಟ್ಟದ್ದನ್ನು ಮಧ್ಯಾಹ್ನ ತರಬೇಡಿ, ಕಡಿದ ತಕ್ಷಣ ತನ್ನಿ. ಚರ್ಮ, ಕರುಳು ತೆಗೆದುಹಾಕಿ. ಯಕೃತ್ತು, ಗುಂಡಿಗೆ, ಶುದ್ಧ ಮಾಡಿದ ಕಲ್ಲೀರಲು (ಗಿಜರ್ಡ್) ಇರಲಿ. ಯಕೃತ್ತು ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರದಿರಲಿ, ಹೆಚ್ಚಾದರೆ ಅದೂ ಭೇದಿ ಮಾಡಿಸುತ್ತದೆ. ಚೆನ್ನಾಗಿ ಕುದಿಸಿ, ಮೇಲೆ ತೇಲುವ ಜಿಡ್ಡು ತೆಗೆದು, ಮೂಳೆಯನ್ನೆಲ್ಲ ಆರಿಸಿ. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ. ಮೂಳೆ ತೆಗೆದ ಮೇಲೆ ಕ್ಯಾಲ್ಸಿಯಂ ಕೊರತೆ ಬೀಳುವುದರಿಂದ ಎಷ್ಟು ಸೇರಿಸಬೇಕೆಂದು ಮರಿಯ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ಹತ್ತು ದಿನ ಹೀಗೆ ಕೊಟ್ಟರೂ ಮಲ ಮೆತ್ತಗೇ ಇದ್ದರೆ, ಗುಬ್ಬಿಯವರಿಗೆ ಹೇಳಿದ ಮೂರು ದಿನದ ಮಲಪರೀಕ್ಷೆಯನ್ನು ನೀವೂ ಮಾಡಿಸಿ.